ಮರದ ಸುರುಳಿ: ಕೋಳಿಗೆ ಹಾಸು, ತೋಟಕ್ಕೆ ಗೊಬ್ಬರ

ಸದಸ್ಯ ಬಾಂಧವರಲ್ಲಿ ಹಲವರು ತೋಟದ ಒಂದೆರಡು ಸಿಲ್ವರ್ ಓಕ್ ಮರ ಕೊಯ್ಯಿಸಿ ಕಿಟಕಿ, ಬಾಗಿಲು, ಮಂಚ ಮಾಡಿಸುವುದುಂಟು. ಬಡಗಿ ಕೀಸುಳಿ ಹೊಡೆದಾಗ ಬೀಳುವ ಮರದ ಸುರುಳಿಯನ್ನು ಬಚ್ಚಲೊಲೆಗೆ ತುಂಬುವುದೇ ವಾಡಿಕೆ. ಮನೆಯಲ್ಲಿ ಇಪ್ಪತ್ತು ಮೂವತ್ತು ಕೋಳಿ ಸಾಕುವವರು ಇದನ್ನು ಗೂಡಿನ ಹಾಸಾಗಿ ಬಳಸಿದರೆ ಕೋಳಿಗೂ ಒಳಿತು, ತೋಟಕ್ಕೂ ಲಾಭ. ಆದರೆ ನಮ್ಮ ಮಲೆನಾಡಿನ ಮಳೆಯಲ್ಲಿ ಎಲ್ಲವೂ ಒಂದೇ ಮಾತಿನ ಮೇಲೆ ನಿಂತಿದೆ: ಹಾಸು ಒಣಗಿರಬೇಕು.

ಇದು ನಾನು ನಷ್ಟಪಟ್ಟು ಕಲಿತ ಪಾಠ. 2018ರ ಆಗಸ್ಟ್ ಮಳೆಯಲ್ಲಿ ಇರಚಲು ಹೊಡೆದು ಗೂಡಿನ ಹಾಸು ನೆನೆಯಿತು. ನಾಳೆ ತೆಗೆಸೋಣವೆಂದು ವಾರ ಕಳೆದೆ. ಮರಿಗಳಿಗೆ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ ತಗುಲಿತು. ನಲವತ್ತರಲ್ಲಿ ಹನ್ನೊಂದು ಮಾತ್ರ ಉಳಿದವು. ಈ ರೋಗದ ಸೂಕ್ಷ್ಮಜೀವಿ ಹಿಕ್ಕೆಯ ಮೂಲಕ ಹೊರಬಿದ್ದು, ಬೆಚ್ಚಗಿನ ತೇವದ ಹಾಸಿನಲ್ಲಿ ಒಂದೆರಡು ದಿನದಲ್ಲೇ ರೋಗ ತರುವಷ್ಟು ಬಲಿಯುತ್ತದೆ. ಒಣ ಹಾಸಿನಲ್ಲಿ ಅದಕ್ಕೆ ಆ ಅನುಕೂಲವಿಲ್ಲ.

ಗಮನಿಸಬೇಕಾದ ಅಂಶಗಳು:

1. ಗೆದ್ದಲಿನ ಔಷಧಿ ಅಥವಾ ಬಣ್ಣ ಹಚ್ಚಿದ ಮರದ ಸುರುಳಿ, ಪ್ಲೈವುಡ್ ಚೂರು ಬೇಡ. ಬೂಷ್ಟು ಹಿಡಿದದ್ದಂತೂ ಬೇಡವೇ ಬೇಡ. ಅದರಿಂದ ಮರಿಗಳಿಗೆ ಶ್ವಾಸಕೋಶದ ರೋಗ ಬರುತ್ತದೆ.

2. ಗರಗಸದ ನುಣುಪು ಹುಡಿಗಿಂತ ಸುರುಳಿಯೇ ಮೇಲು. ಹುಡಿಯನ್ನು ಎಳೆಯ ಮರಿಗಳು ಆಹಾರವೆಂದು ತಿನ್ನುತ್ತವೆ, ಧೂಳೂ ಹೆಚ್ಚು.

3. ಮರಿಗಳಿಗೆ ಎರಡು ಅಂಗುಲ, ದೊಡ್ಡ ಕೋಳಿಗಳಿಗೆ ನಾಲ್ಕರಿಂದ ಆರು ಅಂಗುಲ ದಪ್ಪ ಹಾಸಿರಿ. ವಾರಕ್ಕೆರಡು ಬಾರಿ ಕೆದಕಿ ಮಗುಚಿರಿ.

4. ಹಾಸನ್ನು ಮುಷ್ಟಿಯಲ್ಲಿ ಹಿಂಡಿ ಕೈ ಬಿಡಿ. ಉದುರಿದರೆ ಸರಿ; ಉಂಡೆಯಾಗಿ ನಿಂತರೆ ತೇವ ಹೆಚ್ಚಿದೆ. ಕಣ್ಣುರಿಯುವ ಘಾಟು ಬಂದರೂ ಅದೇ ಅರ್ಥ. ನೀರಿನ ಪಾತ್ರೆಯ ಸುತ್ತ ನೆನೆದದ್ದನ್ನು ಅಂದೇ ತೆಗೆದು ಒಣ ಸುರುಳಿ ಹಾಕಿರಿ.

ಇನ್ನು ಗೊಬ್ಬರದ ವಿಚಾರ. ಬರೀ ಮರದ ಸುರುಳಿಯನ್ನು ಅಡಿಕೆ, ಕಾಫಿ ಬುಡದ ಮಣ್ಣಿಗೆ ಸೇರಿಸುವುದು ತಪ್ಪು. ಅದರಲ್ಲಿ ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುವುದರಿಂದ ಗಿಡ ಹಳದಿ ತಿರುಗುತ್ತದೆ. ಕೋಳಿಯ ಹಿಕ್ಕೆ ಈ ಕೊರತೆಯನ್ನು ತುಂಬುತ್ತದೆ. ಆದರೆ ಹಸಿ ಹಿಕ್ಕೆ ಬೇರನ್ನು ಸುಡಬಲ್ಲದು. ಆದ್ದರಿಂದ ಹಳೆಯ ಹಾಸನ್ನು ತರಗು, ಸಗಣಿಯೊಡನೆ ಗುಂಡಿಗೆ ಹಾಕಿ, ಆಗಾಗ ಮಗುಚಿ, ಗುರುತು ಸಿಗದಂತೆ ಕಳಿತ ಮೇಲೆ ಬುಡಕ್ಕೆ ಕೊಡಿರಿ.

ಮುಂಗಾರಿಗೆ ಮೊದಲೇ ನಾಲ್ಕಾರು ಚೀಲ ಒಣ ಸುರುಳಿ ತುಂಬಿ ಅಟ್ಟದ ಮೇಲಿಡಿ. ಮಳೆಗಾಲದಲ್ಲಿ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅಂದೇ ಪಶುವೈದ್ಯರಿಗೆ ತಿಳಿಸಿರಿ. ನನ್ನಂತೆ ನಾಳೆಗೆ ದೂಡಬೇಡಿ.

— ಕಾರ್ಯದರ್ಶಿ