ಸ್ಪೀಡೋಮೀಟರ್ ಮುಳ್ಳು ಏಳದಿದ್ದರೆ ಮೊದಲು ಕಿಲೋಮೀಟರ್ ನೋಡಿ

ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿ 800ಗಳಲ್ಲಿ ಸ್ಪೀಡೋಮೀಟರ್ ಕೆಟ್ಟಿತೆಂದರೆ ಸಾಮಾನ್ಯವಾಗಿ ಮೊದಲು ನಡೆಯುವುದು ಹೊಸ ಕೇಬಲ್ ಖರೀದಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ತಂದು ಹಾಕಿದ ಮೇಲೂ ಮುಳ್ಳು ಸೊನ್ನೆಯಲ್ಲೇ ಮಲಗಿದ್ದರೆ ದುಡ್ಡು ದಂಡ. ಅದಕ್ಕೂ ಮುಂಚೆ ಡಯಲ್ಲಿನ ಕಿಲೋಮೀಟರ್ ಅಂಕಿಗಳು ಓಡುತ್ತಿವೆಯೇ ಗಮನಿಸಿ. ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತದೆ.

ಗೇರ್‌ಬಾಕ್ಸಿನ ಪುಟ್ಟ ಗೇರೊಂದು ಕೇಬಲ್ಲಿನ ಒಳತಂತಿಯನ್ನು ತಿರುಗಿಸುತ್ತದೆ. ತಂತಿಯ ಇನ್ನೊಂದು ತುದಿ ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಆದರೆ ಅಯಸ್ಕಾಂತ ಮುಳ್ಳನ್ನು ಮುಟ್ಟುವುದೇ ಇಲ್ಲ. ಮುಳ್ಳು ಕೂತಿರುವುದು ಅದರ ಪಕ್ಕದ ಅಲ್ಯೂಮಿನಿಯಂ ಬಟ್ಟಲಿನ ಮೇಲೆ. ಅಯಸ್ಕಾಂತ ಸುತ್ತಿದಂತೆ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟಿ ಅದನ್ನು ಎಳೆಯುತ್ತದೆ, ತೆಳ್ಳನೆಯ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲೇ ಪೇಟೆಂಟ್ ಪಡೆದ ಉಪಾಯವಿದು. ಕಿಲೋಮೀಟರ್ ಅಂಕಿಗಳು ಮಾತ್ರ ಅದೇ ಅಕ್ಷದಿಂದ ಹಲ್ಲುಗಳ ಮೂಲಕ ನೇರವಾಗಿ ತಿರುಗುತ್ತವೆ.

ಹಾಗಾಗಿ ಅಂಕಿ ಓಡುತ್ತ ಮುಳ್ಳು ಸತ್ತಿದ್ದರೆ ಕೇಬಲ್ ಸರಿಯಿದೆ, ದೋಷ ಮೀಟರಿನಲ್ಲಿ. ಮುಳ್ಳು ಸರಿಯಾಗಿದ್ದು ಅಂಕಿ ನಿಂತಿದ್ದರೆ ಒಳಗಿನ ಸಣ್ಣ ಹಲ್ಲುಚಕ್ರ ಒಡೆದಿರಬೇಕು. ಎರಡೂ ನಿಂತಿದ್ದರೆ ಮೀಟರಿನ ಹಿಂದಿನಿಂದ ಕೇಬಲ್ ಬಿಚ್ಚಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಸಮತಟ್ಟಾದ ಜಾಗದಲ್ಲಿ ಯಾರಿಂದಲಾದರೂ ನಿಧಾನಕ್ಕೆ ತಳ್ಳಿಸಿ. ತಂತಿಯ ಚೌಕನೆಯ ತುದಿ ತಿರುಗದಿದ್ದರೆ ತಂತಿ ತುಂಡಾಗಿದೆ, ಇಲ್ಲವೇ ಗೇರ್‌ಬಾಕ್ಸ್ ಕಡೆಯ ಗೇರ್ ಸವೆದಿದೆ.

ತುಂಡಾಗಿದ್ದರೆ ಯಾಕೆ ತುಂಡಾಯಿತೆಂದು ಕೇಳದೆ ಹೊಸದನ್ನು ಹಾಕಬೇಡಿ. ಮೀಟರಿನ ಅಕ್ಷವನ್ನು ತಂತಿಯ ಚೂರಿನಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಹೊಸ ಕೇಬಲ್ಲಿಗೂ ಅದೇ ಗತಿ.

ಮುಳ್ಳು ಕುಣಿಯುತ್ತಿದ್ದರೆ, ಜೊತೆಗೆ ಟಿಕ್‌ಟಿಕ್ ಸದ್ದಿದ್ದರೆ, ತಂತಿ ಒಣಗಿರುತ್ತದೆ ಅಥವಾ ಕೇಬಲ್ ಎಲ್ಲೋ ಮಡಚಿಕೊಂಡಿರುತ್ತದೆ. ಒಳತಂತಿಯನ್ನು ಎಳೆದು ಒರೆಸಿ, ನೆಲದ ಮೇಲೆ ಉರುಳಿಸಿ ನೋಡಿ. ಕುಪ್ಪಳಿಸಿದರೆ ಅದು ಸೊಟ್ಟಗಾಗಿದೆ, ಬದಲಿಸಿ. ಗ್ರೀಸ್ ತೆಳುವಾಗಿ ಸವರಿ, ಮೀಟರಿನ ಕಡೆಯ ಸುಮಾರು 20 ಸೆಂಟಿಮೀಟರ್ ಒಣಗಿದ್ದಂತೆಯೇ ಬಿಡಿ. ಗ್ಯಾರೇಜುಗಳಲ್ಲಿ ಉದಾರವಾಗಿ ಮೆತ್ತಿದ ಗ್ರೀಸ್ ತಂತಿಯ ಸುರುಳಿ ಹಿಡಿದು ಮೇಲೇರಿ ಬಟ್ಟಲಿಗೂ ಅಯಸ್ಕಾಂತಕ್ಕೂ ಅಂಟಿಕೊಂಡರೆ, ಮುಳ್ಳು ಒಮ್ಮೆಲೇ ನೂರು ದಾಟಿ ಅಲ್ಲೇ ಕೂರುತ್ತದೆ. ಆಗ ಮೀಟರ್ ರಿಪೇರಿಯವರ ಬಳಿಗೇ ಹೋಗಬೇಕು.

ಮುಳ್ಳು ನೆಟ್ಟಗೆ ನಿಂತರೂ ತಪ್ಪು ವೇಗ ತೋರಿಸಿದರೆ ಟೈರ್ ಅಳತೆ ನೋಡಿ; ಕಂಪನಿಯ ಅಳತೆಗಿಂತ ದೊಡ್ಡ ಟೈರಿದ್ದರೆ ಮೀಟರ್ ಕಡಿಮೆ ತೋರಿಸುತ್ತದೆ. ಗೇರ್‌ಬಾಕ್ಸ್ ಬದಲಾಗಿರುವ ಅಂಬಾಸಿಡರ್‌ಗಳಲ್ಲೂ ಲೆಕ್ಕ ತಪ್ಪಬಹುದು, ಕೇಬಲ್ ಒಂದು ಕಿಲೋಮೀಟರಿಗೆ ಸುತ್ತುವ ಸುತ್ತು ಮೀಟರಿಗೆ ಹೊಂದಿಕೊಳ್ಳಬೇಕಲ್ಲ. ಆಗ ಕೇಬಲ್ಲನ್ನಲ್ಲ, ಗೇರ್‌ಬಾಕ್ಸ್ ಕಡೆಯ ಪುಟ್ಟ ಗೇರನ್ನು ಬದಲಿಸಲು ಕೇಳಿ.