ಹಳೆಯ ಸೊಂಟನೋವು: ಶಸ್ತ್ರಚಿಕಿತ್ಸೆಯ ಹೊರತಾದ ದಾರಿಗಳು

ಕೊನೆಯ ಪಕ್ಕೆಲುಬಿನ ಕೆಳಗಿನಿಂದ ಪೃಷ್ಠದವರೆಗಿನ ಭಾಗದಲ್ಲಿ ಹುಟ್ಟಿ ಮೂರು ತಿಂಗಳು ಕಳೆದರೂ ಬಿಡದ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ಸೊಂಟನೋವು ಎಂದು ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರನ್ನು ಸೊಂಟನೋವು ಕಾಡುತ್ತಿತ್ತು. ಇವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ನೋವಿಗೆ ಮೂಳೆಮುರಿತ, ಸೋಂಕು, ಗಡ್ಡೆ ಮುಂತಾದ ಖಚಿತ ಕಾರಣವೊಂದನ್ನು ಬೆರಳಿಟ್ಟು ತೋರಿಸಲು ಆಗುವುದಿಲ್ಲವಾದ್ದರಿಂದ ಅದನ್ನು ‘ಅನಿರ್ದಿಷ್ಟ ಸೊಂಟನೋವು’ ಎನ್ನುತ್ತಾರೆ. ಕಾರಣ ಸಿಗದಿದ್ದರೂ ಅನುಭವಿಸುವವರ ನೋವು ನಿಜವೇ ಆಗಿರುತ್ತದೆಂಬುದನ್ನು ಮನೆಯವರೂ ವೈದ್ಯರೂ ಮರೆಯಬಾರದು.

ರೋಗಿಯನ್ನು ಮೊದಲು ಹೆದರಿಸುವುದು ಎಂಆರ್‌ಐ ವರದಿ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತೆ ಕುಳಿತಿರುವ ಬಿಲ್ಲೆಗಳು, ಅಂದರೆ ಡಿಸ್ಕ್‌ಗಳು, ಸವೆದಿವೆ ಅಥವಾ ಉಬ್ಬಿವೆ ಎಂದು ಅದರಲ್ಲಿ ಬರೆದಿರುವುದನ್ನು ಓದಿದವರು ತಮ್ಮ ಬೆನ್ನು ಮುರಿದೇಹೋಯಿತೆಂದು ಭಾವಿಸಿ ಬಗ್ಗುವುದನ್ನೂ ನಡೆಯುವುದನ್ನೂ ಬಿಟ್ಟುಬಿಡುತ್ತಾರೆ. ಆದರೆ ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ಇಪ್ಪತ್ತರ ಹರೆಯದವರಲ್ಲಿಯೇ ಶೇ. 37ರಷ್ಟು ಮಂದಿಗೆ ಡಿಸ್ಕ್ ಸವೆತವಿತ್ತು. ಎಂಬತ್ತರ ವಯಸ್ಸಿನವರಲ್ಲಿ ಆ ಪ್ರಮಾಣ ಶೇ. 96 ಆಗಿತ್ತು. ತಲೆಗೂದಲು ನರೆಯುವಂತೆ ಡಿಸ್ಕ್ ಸವೆಯುವುದೂ ಬಹುಮಟ್ಟಿಗೆ ವಯಸ್ಸಿನ ಗುರುತು. ಈ ಮಾತನ್ನು ಐದು ನಿಮಿಷ ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳುವುದೇ ಚಿಕಿತ್ಸೆಯ ಮೊದಲ ಭಾಗ. ಅದಕ್ಕೆ ಪುರುಸೊತ್ತಿಲ್ಲದೆ ಬೆಲ್ಟು, ಮಾತ್ರೆಗಳನ್ನು ಬರೆದುಕೊಟ್ಟು ಕಳಿಸುವುದು ರೋಗಿಗೆ ಮಾಡುವ ಅನ್ಯಾಯವೇ ಸರಿ.

ಭಯ ಮುಖ್ಯವಾಗುವುದಕ್ಕೆ ಶಾರೀರಿಕ ಕಾರಣವೂ ಇದೆ. ನೋವು ಬಹುಕಾಲ ಉಳಿದಾಗ ಬೆನ್ನುಹುರಿ ಮತ್ತು ಮಿದುಳಿನ ನರಜಾಲವು ಅತಿಸೂಕ್ಷ್ಮವಾಗಿ, ಸಾಮಾನ್ಯ ಚಲನೆಯನ್ನೂ ಅಪಾಯವೆಂದು ಗ್ರಹಿಸತೊಡಗುತ್ತದೆ. ಅತ್ತ ಚಲನೆಯಿಲ್ಲದ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳಿಗೆ ಸಣ್ಣ ಕೆಲಸವೂ ಭಾರವಾಗಿ ನೋವು ಇನ್ನಷ್ಟು ಹೆಚ್ಚುತ್ತದೆ. ಹಾಸಿಗೆ ಹಿಡಿದು ಮಲಗಿದರೆ ನೋವು ವಾಸಿಯಾಗುತ್ತದೆಂಬ ನಂಬಿಕೆ 1986ರಷ್ಟು ಹಿಂದೆಯೇ ಅಲುಗಾಡಿತು. ಆ ವರ್ಷ ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಏಳು ದಿನಗಳ ವಿಶ್ರಾಂತಿಗೆ ಸೂಚಿಸಲ್ಪಟ್ಟವರಿಗಿಂತ ಎರಡೇ ದಿನಗಳ ವಿಶ್ರಾಂತಿಗೆ ಸೂಚಿಸಲ್ಪಟ್ಟವರು ಕೆಲಸಕ್ಕೆ ಕಡಿಮೆ ದಿನ ಗೈರುಹಾಜರಾಗಿದ್ದರು.

ಆದ್ದರಿಂದ ಶಸ್ತ್ರರಹಿತ ಚಿಕಿತ್ಸೆಯ ನಡುಗಂಬವೆಂದರೆ ವ್ಯಾಯಾಮ. 249 ಪ್ರಯೋಗಗಳನ್ನು ಪರಿಶೀಲಿಸಿದ 2021ರ ಕೊಕ್ರೇನ್ ವಿಮರ್ಶೆಯು ಅದರಿಂದ ನೋವು ಕಡಿಮೆಯಾಗುವುದನ್ನು ಕಂಡುಕೊಂಡಿದೆ. ಫಿಸಿಯೋಥೆರಪಿಸ್ಟರು ಹೇಳಿಕೊಡುವ ಸಾಮಾನ್ಯ ವ್ಯಾಯಾಮವೊಂದರಲ್ಲಿ ರೋಗಿಯು ಚಾಪೆಯ ಮೇಲೆ ಮೊಣಕಾಲು ಮತ್ತು ಅಂಗೈಗಳನ್ನೂರಿ, ಬೆನ್ನನ್ನು ಸಮತಟ್ಟಾಗಿರಿಸಿಕೊಂಡು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ, ಸೊಂಟ ಒಂದು ಪಕ್ಕಕ್ಕೆ ವಾಲದಂತೆ ಕೆಲವು ಸೆಕೆಂಡು ತಡೆದು, ಮೆಲ್ಲಗೆ ಹಿಂತಿರುಗಿ, ಆಮೇಲೆ ಕೈಕಾಲು ಬದಲಿಸಬೇಕು. ನೋಡಲು ಸುಲಭವೆನಿಸಿದರೂ ಮೊದಲ ವಾರ ಹಲವರಿಗೆ ಮೈ ನಡುಗುತ್ತದೆ. ಆರಂಭದಲ್ಲಿ ನೋವು ತುಸು ಏರುವುದು ಸಹಜ. ಅದು ಮರುದಿನಕ್ಕೆ ಇಳಿದರೆ ಮುಂದುವರಿಸಬಹುದು, ಇಳಿಯದಿದ್ದರೆ ಪ್ರಮಾಣವನ್ನು ತಗ್ಗಿಸಬೇಕು.

ಬರಿಯ ನಡಿಗೆಯೂ ಕಡಿಮೆಯದಲ್ಲ. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರನ್ನು ಕುರಿತು ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾರ್ಗದರ್ಶನದೊಂದಿಗೆ ಹಂತಹಂತವಾಗಿ ನಡಿಗೆಯನ್ನು ಹೆಚ್ಚಿಸಿಕೊಂಡವರಿಗೆ ಕೆಲಸ ಕೆಡಿಸುವಂಥ ನೋವು ಮರಳಲು ಸರಾಸರಿ ಲೆಕ್ಕದಲ್ಲಿ 208 ದಿನ ಹಿಡಿದರೆ ಉಳಿದವರಿಗೆ 112 ದಿನದಲ್ಲೇ ಮರಳಿತ್ತು. ಬೆಂಗಳೂರಿನ ಹೊರವಲಯದ ಪ್ರಶಾಂತಿ ಕುಟೀರದಲ್ಲಿ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು 80 ರೋಗಿಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ವಾರ ಅಲ್ಲಿಯೇ ತಂಗಿ ಆಸನ, ಪ್ರಾಣಾಯಾಮ, ಧ್ಯಾನ ಮಾಡಿದವರು ಕೇವಲ ದೈಹಿಕ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಸುಧಾರಿಸಿದರು. ಒಂದು ವಾರದ ಫಲ ವರ್ಷಗಟ್ಟಲೆ ನಿಲ್ಲುತ್ತದೆಂದು ಅದರಿಂದ ಹೇಳಲಾಗದು. ವ್ಯಾಯಾಮದ ಬಗೆ ಯಾವುದೇ ಇರಲಿ, ಬಿಡದೆ ಮಾಡಲು ಮನಸ್ಸೊಪ್ಪುವಂಥದ್ದನ್ನು ಆರಿಸಿಕೊಳ್ಳುವುದು ಜಾಣತನ.

ನಿದ್ದೆಗೆಟ್ಟು, ನೋವಿನ ಚಿಂತೆಯಲ್ಲೇ ದಿನ ದೂಡುವವರಿಗೆ ಅರಿವು-ವರ್ತನಾ ಚಿಕಿತ್ಸೆ ನೆರವಾಗುತ್ತದೆ. ‘ಬಗ್ಗಿದರೆ ಬೆನ್ನು ಹೋಗುತ್ತದೆ’ ಎಂಬಂಥ ಎಣಿಕೆಗಳನ್ನು ಆಪ್ತಸಮಾಲೋಚಕರ ಜೊತೆ ಒಂದೊಂದಾಗಿ ಪರೀಕ್ಷಿಸಿ, ಬಿಟ್ಟ ಕೆಲಸಗಳಿಗೆ ಸ್ವಲ್ಪಸ್ವಲ್ಪವೇ ಮರಳುವ ಕ್ರಮ ಅದು. ಮನಸ್ಸಿನ ಚಿಕಿತ್ಸೆ ಎಂದೊಡನೆ ‘ನನಗೇನು ಹುಚ್ಚೇ’ ಎಂದು ಮುನಿಯುವವರಿಗೆ ಅದರ ಹಿಂದಿರುವ ನರವಿಜ್ಞಾನವನ್ನು ತಿಳಿಸಿಕೊಡಬೇಕು.

ಡಿಸೆಂಬರ್ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ನೋವಿನ ಬಗ್ಗೆ ಮೊದಲ ಬಾರಿಗೆ ಹೊರಡಿಸಿದ ಮಾರ್ಗಸೂಚಿಯು ತಿಳಿವಳಿಕೆ, ವ್ಯಾಯಾಮ, ಅರಿವು-ವರ್ತನಾ ಚಿಕಿತ್ಸೆ, ಮಾಲೀಸು, ತರಬೇತಿ ಪಡೆದವರು ಕೈಯಿಂದ ಬೆನ್ನೆಲುಬನ್ನು ಸಡಿಲಿಸುವ ವಿಧಾನ ಮೊದಲಾದವುಗಳನ್ನು ಒಪ್ಪುತ್ತದೆ. ಆದರೆ ಸೊಂಟದ ಬೆಲ್ಟು, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಶ್ರವಣಾತೀತ ತರಂಗಗಳ ಚಿಕಿತ್ಸೆ, ಚರ್ಮದ ಮೇಲೆ ಮಂದ ವಿದ್ಯುತ್ ಹರಿಸುವ ಟೆನ್ಸ್ ಇವುಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಕೊಡಬಾರದೆನ್ನುತ್ತದೆ. ಅಫೀಮು ವರ್ಗದ ನೋವುನಿವಾರಕಗಳಿಗೂ ಅದರ ಒಪ್ಪಿಗೆಯಿಲ್ಲ. ಐಬುಪ್ರೊಫೇನ್‌ನಂಥ ಉರಿಯೂತ ತಗ್ಗಿಸುವ ಮಾತ್ರೆಗಳು ಕೆಲಕಾಲ ಉಪಯುಕ್ತವಾದರೂ ಜಠರದ ಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇರುವವರು ಅವನ್ನು ಔಷಧದಂಗಡಿಯಿಂದ ತಾವೇ ತಂದು ನುಂಗಬಾರದು. ಬಿಸಿನೀರಿನ ಶಾಖವಾಗಲಿ, ಬೆನ್ನಿನ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚನೆಯ ಎಣ್ಣೆ ತುಂಬುವ ಆಯುರ್ವೇದದ ಕಟಿಬಸ್ತಿಯಾಗಲಿ ಕೊಡುವ ಹಗುರವನ್ನು ಎದ್ದು ನಡೆಯಲು ಬಳಸಿಕೊಂಡರೆ ಲಾಭವುಂಟು. ಅದನ್ನೇ ನೆಚ್ಚಿ ಮಲಗಿದರೆ ನೋವು ಇದ್ದಲ್ಲೇ ಇರುತ್ತದೆ.

ಈ ಯಾವ ದಾರಿಗೂ ಕಾಯದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳೂ ಇವೆ. ನೋವಿನ ಜೊತೆ ಜ್ವರ ಬರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಬಂದಿರುವುದು, ವಯಸ್ಸಾದವರು ಬಿದ್ದ ಮೇಲೆ ನೋವು ಶುರುವಾಗುವುದು ಅಂಥವು. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯ ಇಂದಿಗೂ ಅಪರೂಪದ್ದಲ್ಲ. ತೊಡೆಸಂದಿ ಮತ್ತು ಗುದದ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತವಿಲ್ಲದೆ ಹೋದರೆ, ಕಾಲುಗಳ ಬಲ ಕುಂದುತ್ತಾ ಬಂದರೆ, ಬೆನ್ನುಹುರಿಯ ತುದಿಯಿಂದ ಇಳಿಯುವ ನರಗಳ ಗೊಂಚಲು ಒತ್ತಲ್ಪಟ್ಟಿರುವ ಸಾಧ್ಯತೆಯಿರುವುದರಿಂದ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಶಸ್ತ್ರಚಿಕಿತ್ಸೆ ತಡವಾದಷ್ಟೂ ಆ ನರಗಳು ಮರಳಿ ಚೇತರಿಸಿಕೊಳ್ಳುವ ಸಂಭವ ಕಡಿಮೆಯಾಗುತ್ತದೆ.