ಮನೆಯ ಬೆಕ್ಕು ಮರಳುತಟ್ಟೆಯನ್ನು ಬಿಟ್ಟಾಗ

ಮೂವತ್ತು ವರ್ಷಗಳಿಗೂ ಮಿಕ್ಕು ಮಕ್ಕಳಿಗೆ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಾನು, ಬೆಕ್ಕಿಗೆ ‘ಮಾರ್ಜಾರ’ವೆಂಬ ಹೆಸರು ಏಕೆ ಬಂದಿತೆಂಬುದನ್ನು ಎಷ್ಟೋ ಸಲ ಪಾಠ ಹೇಳಿದ್ದೆನು. ಶುದ್ಧಿಗೊಳಿಸುವುದೆಂಬ ಅರ್ಥದ ‘ಮೃಜ್’ ಧಾತುವಿನಿಂದ ಹುಟ್ಟಿದ ಶಬ್ದವದು. ಪೊರಕೆಗೆ ‘ಸಂಮಾರ್ಜನಿ’ಯೆಂಬ ಹೆಸರು ಬಂದುದೂ ಅದರಿಂದಲೇ. ಹಗಲಿರುಳೂ ಮೈಯನ್ನು ನೆಕ್ಕಿ ಶುಚಿಯಾಗಿಟ್ಟುಕೊಳ್ಳುವ ಪ್ರಾಣಿಗೆ ಒಪ್ಪುವ ಹೆಸರೇ ಸರಿ. ಇಷ್ಟೆಲ್ಲವನ್ನು ಬಲ್ಲ ನಾನೇ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಬೆಕ್ಕನ್ನು ಅಶುಚಿಯ ಅಪರಾಧಕ್ಕಾಗಿ ಹೊರಗೆ ಅಟ್ಟಿಸಲು ಹೊರಟಿದ್ದೆನು.

ಮಗನ ಸಂಸಾರವು ಬೆಂಗಳೂರಿನಲ್ಲಿ ಮೂರನೆಯ ಅಂತಸ್ತಿನ ಮನೆಯೊಂದರಲ್ಲಿದೆ. ನಿವೃತ್ತನಾದ ಮೇಲೆ ನಾನೂ ಅಲ್ಲಿಯೇ ಇದ್ದೇನೆ. ನನ್ನ ಬಾಲ್ಯದ ಊರಿನಲ್ಲಿ ಬೆಕ್ಕು ಎಲ್ಲಿ ಮೂತ್ರಮಾಡುತ್ತದೆಯೆಂದು ಯಾರೂ ವಿಚಾರಿಸುತ್ತಿರಲಿಲ್ಲ, ಹಿತ್ತಿಲಿತ್ತು, ಬೂದಿಗುಡ್ಡೆಯಿತ್ತು. ಮೂರನೆಯ ಅಂತಸ್ತಿಗೆ ಹಿತ್ತಿಲೆಲ್ಲಿಯದು? ಆದಕಾರಣ ಅಗಲವಾದ ತಟ್ಟೆಯೊಂದರಲ್ಲಿ ಅಂಗಡಿಯಿಂದ ತಂದ ಮಣ್ಣನ್ನು ಹರಡಿ ಇಡುವ ಪದ್ಧತಿ. ಈ ಮಣ್ಣಿಗೂ ಒಂದು ಕಥೆಯುಂಟು. ಅಮೇರಿಕದ ಮಿಷಿಗನ್ ಪ್ರಾಂತದಲ್ಲಿ 1947ರಲ್ಲಿ ನೆರೆಯಾಕೆಯೊಬ್ಬಳು ಬೆಕ್ಕಿಗಾಗಿ ಮರಳು ಕೇಳಲು ಬಂದಾಗ, ಎಡ್ವರ್ಡ್ ಲೋ ಎಂಬ ವ್ಯಾಪಾರಿಯು ಎಣ್ಣೆ ಹೀರುವುದಕ್ಕೆಂದು ತನ್ನಲ್ಲಿದ್ದ ಒಣ ಜೇಡಿಮಣ್ಣಿನ ಹರಳುಗಳನ್ನು ಕೊಟ್ಟನು. ಅಲ್ಲಿಂದ ಈ ವ್ಯಾಪಾರವು ಜಗತ್ತಿಗೆಲ್ಲ ಹಬ್ಬಿತು. ಒದ್ದೆಯಾದೊಡನೆ ಗಟ್ಟಿಯಾಗುವ ಮಣ್ಣು 1980ರ ದಶಕದಲ್ಲಿ ಬಂದಿತು.

ನಮ್ಮ ಗುಂಡನು ನಾಲ್ಕು ವರ್ಷಕಾಲ ಈ ತಟ್ಟೆಯ ನಿಯಮವನ್ನು ಒಂದು ದಿನವೂ ತಪ್ಪಿದವನಲ್ಲ. ಒಂದು ಬೆಳಗ್ಗೆ ನನ್ನ ಮಡಿಪಂಚೆಯ ಮೇಲೆ ಕುಳಿತು ಮೂತ್ರಮಾಡಿದನು. ಮರುದಿನ ಬಚ್ಚಲಿನಲ್ಲಿ, ಅದರ ಮರುದಿನ ಸೊಸೆಯ ಹಾಸಿಗೆಯ ಮೇಲೆ. ನನ್ನ ಕೋಪವನ್ನು ಕೇಳಬೇಡಿರಿ. ಹಿಂದಿನ ದಿನ ಅವನನ್ನು ಅಡಿಗೆಮನೆಯಿಂದ ಗದರಿಸಿ ಓಡಿಸಿದ್ದೆನಾದ್ದರಿಂದ ಇದು ಹಗೆಯೇ ಎಂದು ನಿಶ್ಚಯಿಸಿದೆನು. ಕತ್ತು ಹಿಡಿದು ಅವನ ಮೂಗನ್ನು ಆ ಒದ್ದೆಗೆ ತಿಕ್ಕಿದೆನು. “ಇದನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬಾ” ಎಂದು ಮಗನಿಗೆ ಹೇಳಿದೆನು. ಮೊಮ್ಮಗಳು ಊಟ ಬಿಟ್ಟಳು. ಗುಂಡನು ಮಂಚದ ಕೆಳಗೆ ಸೇರಿದನು.

ಆ ಸಂಜೆ ಸೊಸೆಯು, “ಮಾವ, ಇವನು ತಟ್ಟೆಗೆ ಹತ್ತು ಸಲ ಹೋಗಿ ಬಂದ, ಮಣ್ಣು ಒದ್ದೆಯೇ ಆಗಿಲ್ಲ. ಕೂತಲ್ಲೇ ಕೂಗುತ್ತಾನೆ. ಬಚ್ಚಲಿನಲ್ಲಿ ಬಿದ್ದ ಒಂದು ತೊಟ್ಟು ಕೆಂಪಗಿದೆ, ನೋಡಿ” ಎಂದಳು. ನಾನು ನೋಡಿದೆನು. ಮುಂದೆ ಮಾತು ಹೊರಡಲಿಲ್ಲ. ಆ ರಾತ್ರಿಯೇ ಪಶುವೈದ್ಯರಲ್ಲಿಗೆ ಒಯ್ದೆವು. ಹೊಟ್ಟೆಯನ್ನು ಮುಟ್ಟಿದೊಡನೆಯೇ ಅವರು, ಮೂತ್ರಕೋಶವು ಕಲ್ಲಿನಂತೆ ಬಿಗಿದಿದೆಯೆಂದರು. ಮೂತ್ರದಲ್ಲಿನ ಲವಣದ ಹರಳುಗಳು ಲೋಳೆಯೊಡನೆ ಸೇರಿ ದಾರಿಯನ್ನು ಮುಚ್ಚಿದ್ದವು. ಗಂಡುಬೆಕ್ಕಿನ ಮೂತ್ರನಾಳವು ಬಹು ಸಣ್ಣದಾದ್ದರಿಂದ ಈ ಅಪಾಯವು ಗಂಡಿಗೇ ಹೆಚ್ಚು. ದಾರಿ ಕಟ್ಟಿದರೆ ವಿಷಾಂಶಗಳು ರಕ್ತದಲ್ಲಿ ಏರಿ, ಹೃದಯದ ಗತಿ ಕೆಟ್ಟು, ಒಂದೆರಡು ದಿನಗಳಲ್ಲಿಯೇ ಪ್ರಾಣವು ಹೋಗುವುದುಂಟು. ಮತ್ತು ಬರಿಸಿ ಸಣ್ಣ ನಳಿಗೆಯೊಂದನ್ನು ಒಳಸೇರಿಸಿ ಮೂತ್ರವನ್ನು ತೆಗೆದರು. ಮೂರು ದಿನ ತಮ್ಮಲ್ಲಿಯೇ ಇಟ್ಟುಕೊಂಡರು. ನಾನು ಹಗೆಯ ಮಾತನ್ನು ಎತ್ತಿದಾಗ ಅವರು ನಕ್ಕು, “ಸ್ವಾಮಿ, ತಟ್ಟೆಯಲ್ಲಿ ಕೂತಾಗಲೆಲ್ಲ ನೋವಾಯಿತು. ನೋವು ಕೊಡುವುದು ತಟ್ಟೆಯೇ ಎಂದು ತಿಳಿದು ಬೇರೆ ಮೆತ್ತನೆಯ ಜಾಗ ಹುಡುಕಿತು, ಅಷ್ಟೆ” ಎಂದರು.

ಆದುದರಿಂದ ಗೃಹಸ್ಥರಲ್ಲಿ ನನ್ನ ಮೊದಲ ವಿಜ್ಞಾಪನೆಯಿದು: ಅಭ್ಯಾಸವುಳ್ಳ ಬೆಕ್ಕು ಹಠಾತ್ತಾಗಿ ತಟ್ಟೆಯನ್ನು ಬಿಟ್ಟರೆ, ಕೋಲನ್ನು ಹುಡುಕುವ ಮುನ್ನ ವೈದ್ಯರನ್ನು ಹುಡುಕಿರಿ. ಗಂಡುಬೆಕ್ಕು ತಿಣುಕುತ್ತಿದ್ದು ಮೂತ್ರವು ಬಾರದಿದ್ದರೆ ಬೆಳಗಾಗಲೆಂದು ಕಾಯಲೇ ಬೇಡಿರಿ. ಮನುಷ್ಯರ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲನ್ನು ನೋವಿಗೆಂದು ಕೊಡಕೂಡದು; ಬೆಕ್ಕಿಗೆ ಅದು ವಿಷ. ಮುದಿಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರಮಾಡುತ್ತಿದ್ದರೆ ಮೂತ್ರಪಿಂಡದ ರೋಗವೋ ಸಕ್ಕರೆ ರೋಗವೋ ಇರಬಹುದು. ಕೀಲುನೋವಿನ ಬೆಕ್ಕಿಗೆ ಎತ್ತರದ ಅಂಚಿನ ತಟ್ಟೆಯನ್ನು ಹತ್ತಲಾಗದು.

ರೋಗವಿಲ್ಲವೆಂದಾದ ಮೇಲೆ ಕುಳಿತು ಮಾಡಿದುದೋ ನಿಂತು ಎರಚಿದುದೋ ಎಂಬುದನ್ನು ವಿಚಾರಿಸಬೇಕು. ಬಾಲವನ್ನು ನೆಟ್ಟಗೆತ್ತಿ, ಅದನ್ನು ನಡುಗಿಸುತ್ತ ಗೋಡೆಗೆ ಎರಚುವುದು ಗಡಿಯ ಗುರುತು. ಕಿಟಕಿಯಾಚೆ ಪರಬೆಕ್ಕು ಸುಳಿದರೂ ಸಾಕು. ಸಂತಾನಹರಣದ ಶಸ್ತ್ರಕ್ರಿಯೆಯಿಂದ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಕುಳಿತು ಮಾಡಿದುದಾದರೆ ತಪ್ಪು ಸಾಮಾನ್ಯವಾಗಿ ತಟ್ಟೆಯದು, ಅಂದರೆ ನಮ್ಮದು.

ಗುಂಡನು ಮನೆಗೆ ಬಂದ ಮೇಲೆಯೂ ತಟ್ಟೆಯನ್ನು ದೂರದಿಂದಲೇ ನೋಡಿ ಹಿಂದಿರುಗುತ್ತಿದ್ದನು. ಆಗ ನಾನು ಅದನ್ನು ಅವನ ಕಣ್ಣಿನಿಂದ ನೋಡಿದೆನು. ತಟ್ಟೆಯಿದ್ದುದು ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ. ನಡುವೆ ಅದು ಗಡಗಡನೆ ನಡುಗಿದರೆ ಯಾರು ನೆಮ್ಮದಿಯಿಂದ ಕೂಡಬಲ್ಲರು? ಮೇಲೊಂದು ಮುಚ್ಚಳ, ಮಣ್ಣಿಗೆ ಹೂವಿನ ಪರಿಮಳ ಬೇರೆ. ಪರಿಮಳವು ನಮ್ಮ ಮೂಗಿಗಲ್ಲದೆ ಬೆಕ್ಕಿನ ಮೂಗಿಗಲ್ಲ. ಮನೆಬೆಕ್ಕಿನ ಪೂರ್ವಿಕರು ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಒಣನಾಡಿನ ಕಾಡುಬೆಕ್ಕುಗಳು. ಸಡಿಲವಾದ ಮಣ್ಣನ್ನು ಕೆದರಿ ಮುಚ್ಚುವುದು, ನೀರನ್ನು ಮಿತವಾಗಿ ಕುಡಿಯುವುದು ಆ ವಂಶದ ಗುಣ. ಮುಚ್ಚಳವನ್ನು ತೆಗೆದೆವು. ಪರಿಮಳವಿಲ್ಲದ ಸಣ್ಣ ಹರಳಿನ ಮಣ್ಣನ್ನು ಮೂರು ಬೆರಳು ಆಳಕ್ಕೆ ಹರಡಿದೆವು. ಬೆಕ್ಕಿನ ಉದ್ದಕ್ಕಿಂತ ಒಂದೂವರೆಪಟ್ಟು ಉದ್ದದ ಎರಡು ತಟ್ಟೆಗಳನ್ನು ತಂದು, ಊಟದ ಬಟ್ಟಲಿಗೆ ದೂರವಾದ ಎರಡು ಶಾಂತ ಮೂಲೆಗಳಲ್ಲಿಟ್ಟೆವು. ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿರಬೇಕೆಂದು ವೈದ್ಯರ ಲೆಕ್ಕ. ಒಣ ಕಾಳಿನ ಆಹಾರವನ್ನು ಕಡಮೆಮಾಡಿ ವೈದ್ಯರು ಹೇಳಿದ ಒದ್ದೆ ಆಹಾರವನ್ನು ಕೊಟ್ಟೆವು. ನೀರಿನ ಬಟ್ಟಲುಗಳನ್ನು ಮೂರು ಕಡೆ ಇಟ್ಟೆವು.

ಕೆಟ್ಟ ನೆಲವನ್ನು ಶುಚಿಮಾಡುವಲ್ಲಿ ನಾನೇ ಒಂದು ತಪ್ಪು ಮಾಡಿದ್ದೆನು. ಫಿನಾಯಿಲನ್ನು ಧಾರಾಳವಾಗಿ ಸುರಿದೆನು. ಫಿನಾಯಿಲಿನಲ್ಲಿರುವ ಫೀನಾಲ್ ಜಾತಿಯ ದ್ರವ್ಯಗಳನ್ನು ಬೆಕ್ಕಿನ ಯಕೃತ್ತು ಜೀರ್ಣಿಸಲಾರದು. ಪಾದಕ್ಕಂಟಿದುದನ್ನು ನೆಕ್ಕಿದರೆ ವಿಷವಾಗುತ್ತದೆ. ಅಮೋನಿಯವುಳ್ಳ ದ್ರವಗಳ ವಾಸನೆಯಾದರೋ ಮೂತ್ರದ ವಾಸನೆಗೇ ಸಮೀಪ; ಮತ್ತೆ ಅಲ್ಲಿಗೇ ಕರೆದಂತೆ. ಮೊದಲು ಹಳೆಯ ಬಟ್ಟೆಯಿಂದ ಒದ್ದೆಯನ್ನು ಹೀರಿಸಿ, ತಣ್ಣೀರಿನಿಂದ ಒರಸಿ, ಅನಂತರ ಕಿಣ್ವಗಳುಳ್ಳ ಶುದ್ಧಿದ್ರವವನ್ನು ಹಾಕಿ ಒಣಗಲು ಬಿಡಬೇಕು. ವಾಸನೆಯ ಮೂಲವನ್ನೇ ಒಡೆಯುವುದು ಅದು. ನನ್ನ ಪಂಚೆಯ ಕಲೆ ಮಾತ್ರ ಪೂರ್ತಿ ಹೋಗಲಿಲ್ಲ.

ಹನ್ನೊಂದನೆಯ ದಿನ ಗುಂಡನು ಕಿಟಕಿಯ ಬಳಿಯ ತಟ್ಟೆಯಲ್ಲಿಳಿದು, ಬಹಳ ಹೊತ್ತು ಕೆದರಿ, ಕುಳಿತನು. ನಾವೆಲ್ಲ ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಪರೀಕ್ಷೆಯ ಫಲಿತಾಂಶದ ದಿನವೂ ನಾನು ಹಾಗೆ ನಿಂತವನಲ್ಲ. ಈಗ ದಿನಕ್ಕೆರಡು ಸಲ ಮಣ್ಣನ್ನು ಸೋಸುವ ಕೆಲಸ ನನ್ನದು. ಗಟ್ಟಿಯಾದ ಉಂಡೆಗಳನ್ನು ಮೊಮ್ಮಗಳು ಎಣಿಸುತ್ತಾಳೆ. ನನ್ನ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಗುಂಡನ ಹೆಸರಿನ ಮುಂದೆ ಬರೆಯುತ್ತಾಳೆ. ನಿನ್ನೆ ಮೂರು. ಇಂದು ಬೆಳಗ್ಗೆಗೇ ಎರಡು.